ಟೋಟೆಮ್, ಬೆಡಗು, ಬಳಿ, ದೇವಕ, ಗೋತ್ರ: ಯಾವ ಪದ ಎಲ್ಲಿ ಹೊಂದುತ್ತದೆ?

ಟೋಟೆಮ್, ಅಂದರೆ ಒಂದು ಕುಲದ ಗುರುತಾದ ಪ್ರಾಣಿ, ಗಿಡ ಅಥವಾ ವಸ್ತು, ಅನ್ನುವ ಪದ ಕನ್ನಡದ ಓದುಗರಿಗೆ ಹೊಸದಲ್ಲ. ಸಮಾಜಶಾಸ್ತ್ರದ ಪಠ್ಯಗಳಲ್ಲಿ, ಜಾನಪದದ ಪ್ರಬಂಧಗಳಲ್ಲಿ, ಬುಡಕಟ್ಟುಗಳ ಬಗ್ಗೆ ಬರುವ ಲೇಖನಗಳಲ್ಲಿ ಆಗಾಗ ಎದುರಾಗುತ್ತದೆ. ತೊಂದರೆ ಶುರುವಾಗುವುದು ನಾವೇ ಬರೆಯಲು ಕೂತಾಗ. ಟೋಟೆಮ್ ಅಂತಲೇ ಇಟ್ಟುಕೊಳ್ಳಬೇಕಾ? ಕುಲಚಿಹ್ನೆ ಅನ್ನಬೇಕಾ, ಕುಲಲಾಂಛನ ಅನ್ನಬೇಕಾ? ಅಥವಾ ವಂಶದ ಗುಂಪು ಹೇಳಲು ನಮ್ಮಲ್ಲೇ ಬೆಡಗು, ಬಳಿ, ಗೋತ್ರ ಇರುವಾಗ ಹೊರಗಿನ ಪದ ಯಾಕೆ?

ಈ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಹಾಕಿದ ಬರಹಗಳು ಬೇಕಾದಷ್ಟಿವೆ. ಕುರುಬರ ಬೆಡಗನ್ನು ಗೋತ್ರ ಅನ್ನುವುದು, ತುಳುನಾಡಿನ ದೈವ ಪಂಜುರ್ಲಿಯನ್ನು ಟೋಟೆಮ್ ಅನ್ನುವುದು, ಬಳಿಯನ್ನು ‘ಬಲಿ’ ಅಂತ ಅಚ್ಚು ಹಾಕುವುದು. ಇದು ಬರೀ ಪದಗಳ ಗೊಂದಲ ಅಲ್ಲ. ಒಂದು ಸಮುದಾಯ ತನ್ನವರು ಯಾರು, ಯಾರ ಜೊತೆ ಹೆಣ್ಣು ಕೊಟ್ಟು ತರಬಹುದು ಅಂತ ಲೆಕ್ಕ ಹಾಕುವ ಕ್ರಮವೇ ಈ ಪದಗಳಲ್ಲಿದೆ. ಪದ ತಪ್ಪಿದರೆ ಆ ಲೆಕ್ಕವೂ ತಪ್ಪುತ್ತದೆ.

ಹಾಗಾಗಿ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಹೆಸರಿಸಲು ಹೊರಟಿರುವುದು ಜನರ ಗುಂಪನ್ನಾ, ಒಂದು ವಸ್ತುವನ್ನಾ, ಅಥವಾ ಒಬ್ಬ ಮೂಲಪುರುಷನನ್ನಾ? ಬೆಡಗು ಮತ್ತು ಬಳಿ ಗುಂಪಿನ ಹೆಸರು. ದೇವಕ ಮದುವೆಯಲ್ಲಿ ಪೂಜೆ ಮಾಡಿ ಕೂರಿಸುವ ವಸ್ತುವಿನ ಹೆಸರು. ಗೋತ್ರ ಒಬ್ಬ ಋಷಿಯ ಕಡೆ ಕೈ ತೋರಿಸುತ್ತದೆ. ಟೋಟೆಮ್ ಮಾತ್ರ ಗುಂಪು, ವಸ್ತು ಎರಡರ ನಡುವೆ ಓಲಾಡುತ್ತದೆ. ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ.

ಟೋಟೆಮ್ ಎಲ್ಲಿಂದ ಬಂತು

ಉತ್ತರ ಅಮೆರಿಕದ ದೊಡ್ಡ ಸರೋವರಗಳ ಸುತ್ತ ಇರುವ ಒಜಿಬ್ವೆ ಜನರ ಮಾತಿನಲ್ಲಿ ‘ದೂಡೆಮ್’ ಅಂತ ಒಂದು ಪದ ಇದೆ. ಅದು ಒಂಟಿಯಾಗಿ ನಿಲ್ಲುವ ಪದವಲ್ಲ. ‘ನಿಂದೂಡೆಮ್’ ಅಂದರೆ ನನ್ನ ದೂಡೆಮ್, ‘ಗಿದೂಡೆಮ್’ ಅಂದರೆ ನಿನ್ನ ದೂಡೆಮ್. ಯಾರದ್ದು ಅಂತ ಹೇಳದೆ ಆ ಪದ ಬಳಸುವ ಹಾಗಿಲ್ಲ. ಕೊಕ್ಕರೆಯಂತೆ ಕಾಣುವ ಕ್ರೇನ್ ಹಕ್ಕಿ, ಲೂನ್ ಎಂಬ ನೀರುಹಕ್ಕಿ, ಕರಡಿ, ಮಾರ್ಟೆನ್ ಎಂಬ ಮರ ಹತ್ತುವ ಪುಟ್ಟ ಪ್ರಾಣಿ, ಮೀನು, ಇವೆಲ್ಲ ಅಲ್ಲಿನ ದೂಡೆಮ್‌ಗಳು. ಮಗುವಿಗೆ ದೂಡೆಮ್ ಬರುವುದು ಅಪ್ಪನಿಂದ. ಒಂದೇ ದೂಡೆಮ್‌ನವರು ಎಷ್ಟೇ ದೂರದ ಊರಿನವರಾದರೂ ಬಂಧುಗಳು. ಅವರೊಳಗೆ ಮದುವೆ ಇಲ್ಲ. 1701ರಲ್ಲಿ ಮಾಂಟ್ರಿಯಲ್‌ನಲ್ಲಿ ಫ್ರೆಂಚರ ಜೊತೆ ದೊಡ್ಡ ಶಾಂತಿ ಒಪ್ಪಂದ ಆದಾಗ ಮೂಲನಿವಾಸಿ ಮುಖಂಡರು ರುಜು ಹಾಕಿದ್ದು ಪ್ರಾಣಿಗಳ ಚಿತ್ರ ಬರೆದು.

ಈ ಪದವನ್ನು ಇಂಗ್ಲಿಷಿಗೆ ತಂದವನು ಜಾನ್ ಲಾಂಗ್ ಎಂಬ ವ್ಯಾಪಾರಿ, 1791ರಲ್ಲಿ. ಅವನು ಅಲ್ಲೇ ಎಡವಿದ. ಒಬ್ಬೊಬ್ಬ ಮನುಷ್ಯನಿಗೆ ಕನಸಿನಲ್ಲಿ ಕಾಣಿಸಿಕೊಂಡು ಕಾಯುವ ಪ್ರಾಣಿಶಕ್ತಿ ಅಂತ ಒಂದು ನಂಬಿಕೆ ಅದೇ ಜನರಲ್ಲಿ ಇತ್ತು. ಅದು ಬೇರೆ, ದೂಡೆಮ್ ಬೇರೆ. ಲಾಂಗ್ ಎರಡನ್ನೂ ಒಂದು ಮಾಡಿಬಿಟ್ಟ. ಇವತ್ತು ‘ನನ್ನ ಟೋಟೆಮ್ ಹುಲಿ’ ಅಂತ ಯಾರಾದರೂ ಬರೆದರೆ, ಆ 1791ರ ತಪ್ಪೇ ಇನ್ನೂ ನಡೆದುಕೊಂಡು ಬರುತ್ತಿದೆ ಅಂತ ಅರ್ಥ. ಟೋಟೆಮ್ ನಾವು ಇಷ್ಟಪಟ್ಟು ಆರಿಸಿಕೊಳ್ಳುವಂಥದ್ದಲ್ಲ. ಅದು ಹುಟ್ಟಿನಿಂದ ಬರುತ್ತದೆ, ಇಡೀ ಗುಂಪಿಗೆ ಸೇರಿದ್ದು.

ಆಮೇಲೆ ವಿದ್ವಾಂಸರ ಸರದಿ. 1869-70ರಲ್ಲಿ ಮೆಕ್‌ಲೆನನ್ ಇದನ್ನು ಮನುಷ್ಯರ ಮೊದಲ ಧರ್ಮ ಎಂಬಷ್ಟು ದೊಡ್ಡದು ಮಾಡಿದರು. ಫ್ರೇಜರ್ 1910ರಲ್ಲಿ ನಾಲ್ಕು ಸಂಪುಟ ಬರೆದರು. ಡರ್ಕ್‌ಹೈಮ್ 1912ರಲ್ಲಿ, ಫ್ರಾಯ್ಡ್ 1913ರಲ್ಲಿ ಇದೇ ಪದದ ಮೇಲೆ ತಮ್ಮ ಸಿದ್ಧಾಂತ ಕಟ್ಟಿದರು. ಅಷ್ಟರಲ್ಲಿ ಈ ಒಂದು ಪದದ ಕೆಳಗೆ ಏನೇನೋ ಸೇರಿಹೋಗಿತ್ತು. ಆಸ್ಟ್ರೇಲಿಯಾದ ಅರುಂಟ ಜನರಲ್ಲಿ ಮಗುವಿನ ಟೋಟೆಮ್ ನಿರ್ಧಾರ ಆಗುವುದು ಅಪ್ಪ ಅಮ್ಮನಿಂದ ಅಲ್ಲ, ತಾಯಿಗೆ ಗರ್ಭದ ಅರಿವು ಮೊದಲು ಆದ ಜಾಗದಿಂದ. ಒಜಿಬ್ವೆಯವರು ತಮ್ಮ ದೂಡೆಮ್ ಪ್ರಾಣಿಯನ್ನು ಬೇಟೆ ಆಡುತ್ತಿದ್ದರು, ತಿನ್ನುತ್ತಲೂ ಇದ್ದರು. ಬೇರೆ ಕಡೆ ಅದು ಮುಟ್ಟಬಾರದ್ದು. ಇವೆಲ್ಲ ಒಂದೇ ಸಂಗತಿ ಹೇಗಾಗುತ್ತದೆ? 1962ರಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ನೇರವಾಗಿ ಹೇಳಿದರು: ಟೋಟೆಮಿಸಂ ಅನ್ನುವ ಒಂದೇ ವ್ಯವಸ್ಥೆ ಎಲ್ಲೂ ಇಲ್ಲ, ಅದು ವಿದ್ವಾಂಸರು ಕಟ್ಟಿದ ಗಂಟು. ಪ್ರಾಣಿಗಳ ನಡುವಿನ ವ್ಯತ್ಯಾಸವನ್ನು ಇಟ್ಟುಕೊಂಡು ಜನ ತಮ್ಮ ಗುಂಪುಗಳ ನಡುವಿನ ವ್ಯತ್ಯಾಸವನ್ನು ಯೋಚಿಸುತ್ತಾರೆ, ಅಷ್ಟೇ.

ಇನ್ನೊಂದು ಮಾತು. ಟೋಟೆಮ್ ಕಂಬ ಅಂತ ನಾವು ಚಿತ್ರಗಳಲ್ಲಿ ನೋಡುವ ಕೆತ್ತನೆಯ ಎತ್ತರದ ಕಂಬಗಳು ಒಜಿಬ್ವೆಯವರದ್ದಲ್ಲ. ಅವು ಖಂಡದ ಇನ್ನೊಂದು ತುದಿಯ ಹೈಡಾ, ಟ್ಲಿಂಗಿಟ್ ಮೊದಲಾದ ಕರಾವಳಿ ಜನರವು. ಮನೆತನದ ಕಥೆ, ಹಕ್ಕು, ಗೌರವ ಹೇಳುವ ಕಂಬಗಳು. ಪೂಜೆಯ ಕಂಬಗಳಲ್ಲ.

ಬೆಡಗು: ದೂಡೆಮ್‌ಗೆ ಅತಿ ಹತ್ತಿರದ ಕನ್ನಡ ಪದ

ನನ್ನ ಮಟ್ಟಿಗೆ ‘ದೂಡೆಮ್’ ಪದದ ನಿಜವಾದ ಅರ್ಥಕ್ಕೆ ಕನ್ನಡದಲ್ಲಿ ಹೊಂದುವ ಪದ ಬೆಡಗು. ಕುಲಚಿಹ್ನೆ ಅಲ್ಲ.

ಕುರುಬರು, ಬೇಡರು ಅಥವಾ ನಾಯಕರು, ಗೊಲ್ಲರು, ಹೀಗೆ ಹಲವು ಸಮುದಾಯಗಳಲ್ಲಿ ಬೆಡಗು ಇದೆ. ಸಂಬಂಧ ನೋಡಲು ಹೋದಾಗ ಹಿರಿಯರು ಕೇಳುವ ಮೊದಲ ಮಾತುಗಳಲ್ಲಿ ಒಂದು: ‘ನಿಮ್ದು ಯಾವ ಬೆಡಗು?’ ಉತ್ತರ ತಮ್ಮದೇ ಬೆಡಗಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಜಗಳ ಏನಿಲ್ಲ. ‘ಹಂಗಾದ್ರೆ ನಾವು ಅಣ್ತಮ್ಮಂದಿರಾದ್ವಿ’ ಅಂತ ಹೇಳಿ, ಊಟ ಮಾಡಿಸಿ ಕಳಿಸುತ್ತಾರೆ. ಇಬ್ಬರೂ ಹಿಂದೆ ಎಂದೂ ಒಬ್ಬರನ್ನೊಬ್ಬರು ನೋಡಿರದಿದ್ದರೂ ಸರಿ.

ಬೆಡಗಿನ ಹೆಸರುಗಳನ್ನು ಸುಮ್ನೆ ಓದುತ್ತಾ ಹೋದರೂ ಸಂತೋಷವಾಗುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ವಿವರದಲ್ಲಿ ಕುರುಬರ ಬೆಡಗುಗಳ ಉದ್ದ ಪಟ್ಟಿ ಇದೆ. ಆನೆ, ಕುದುರೆ, ಚೇಳು ಇವೆ. ಬನ್ನಿ, ಜಾಲಿ ಇವೆ. ಅರಿಸಿನ, ಜೀರಿಗೆ ಇವೆ. ಅಷ್ಟೇ ಅಲ್ಲ, ಬಂಡಿ, ಬೆಳ್ಳಿ, ಚಂದ್ರ, ಹುತ್ತ, ಹಾಲು ಕೂಡ ಇವೆ. ಟೋಟೆಮ್ ಅಂದ ಕೂಡಲೇ ಪ್ರಾಣಿ ಅಂತ ಅಂದುಕೊಳ್ಳುವವರು ಈ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಡುಗೆಮನೆ, ಕಣಜ, ಆಕಾಶ, ಹೊಲದ ಬದು, ಎಲ್ಲ ಕಡೆಯಿಂದಲೂ ಹೆಸರು ಬಂದಿವೆ. ಬಂಡಿಯನ್ನು ಯಾರೂ ತಮ್ಮ ಪೂರ್ವಜ ಅಂತ ನಂಬುವುದಿಲ್ಲ. ಆದರೂ ಬಂಡಿ ಬೆಡಗಿನವರು ಬಂಡಿ ಬೆಡಗಿನವರೇ, ಒಳಗೆ ಮದುವೆ ಇಲ್ಲ. ಅಂದರೆ ಇಲ್ಲಿ ಕೆಲಸ ಮಾಡುತ್ತಿರುವುದು ಪೂಜೆಗಿಂತ ಜಾಸ್ತಿ ಬಂಧುತ್ವದ ಗುರುತು.

ಕೆಲವು ಬೆಡಗುಗಳಲ್ಲಿ ಹೆಸರಿನ ವಸ್ತುವಿಗೆ ಮರ್ಯಾದೆ ಇರುತ್ತದೆ. ಮರದ ಹೆಸರಿನವರು ಆ ಮರ ಕಡಿಯುವುದಿಲ್ಲ, ಗಿಡದ ಹೆಸರಿನವರು ಅದನ್ನು ತಿನ್ನುವುದಿಲ್ಲ, ಹೀಗೆ. ಕೆಲವದರಲ್ಲಿ ಅಂಥದ್ದೇನೂ ಇಲ್ಲ, ಹೆಸರು ಮಾತ್ರ. ಬರೆಯುವವರು ಇದನ್ನು ಕೇಳಿ ತಿಳಿದು ಬರೆಯಬೇಕು. ‘ಬೆಡಗು ಇದೆ, ಆದ್ದರಿಂದ ನಿಷೇಧವೂ ಇದ್ದೇ ಇರುತ್ತದೆ’ ಅಂತ ಊಹಿಸಿ ಬರೆಯಬೇಡಿ. ಉಲ್ಟಾ ಕೂಡ ನಿಜ. ಎಲ್ಲ ನಿಷೇಧವೂ ಬೆಡಗಿನದ್ದಲ್ಲ. ಚಿತ್ರದುರ್ಗ ಸೀಮೆಯ ಮ್ಯಾಸಬೇಡರಲ್ಲಿ ಕೋಳಿ ವರ್ಜ್ಯ. ಆದರೆ ಅದು ಇಡೀ ಸಮುದಾಯದ ಕಟ್ಟಳೆ, ಒಂದು ಬೆಡಗಿನದ್ದಲ್ಲ. ಅದನ್ನು ಟೋಟೆಮ್ ಅಂತ ಕರೆದರೆ ತಪ್ಪು. ಹಾಗೆಯೇ ಕುರುಬರ ಹತ್ತಿಕಂಕಣ, ಉಣ್ಣೆಕಂಕಣ ಎಂಬ ವಿಭಾಗಗಳು ಮದುವೆಯಲ್ಲಿ ಕಟ್ಟುವ ಕಂಕಣದ ದಾರದಿಂದ ಬಂದವು. ಅವು ಬೆಡಗಲ್ಲ, ಬೆಡಗಿಗಿಂತ ಮೇಲಿನ ವಿಂಗಡಣೆ.

ಬೆಡಗು ಪದ ಬಳಸುವಾಗ ಒಂದು ತೊಡಕಿದೆ. ಬೆಡಗು ಅಂದರೆ ಸೊಗಸು, ವಯ್ಯಾರ ಅನ್ನುವ ಅರ್ಥವೇ ಹೆಚ್ಚು ಜನಕ್ಕೆ ಮೊದಲು ಹೊಳೆಯುತ್ತದೆ. ಸಾಹಿತ್ಯ ಓದಿದವರಿಗೆ ಬೆಡಗಿನ ವಚನ ನೆನಪಾಗುತ್ತದೆ, ಅಲ್ಲಮಪ್ರಭುವಿನ ಒಗಟಿನಂಥ ವಚನಗಳು. ಹಾಗಾಗಿ ಮೊದಲ ಸಲ ಬರೆಯುವಾಗ ‘ಬೆಡಗು ಎಂಬ ವಂಶದ ಗುಂಪು’ ಅಂತಲೋ ‘ಮದುವೆಗೆ ನೋಡುವ ಬೆಡಗು’ ಅಂತಲೋ ಒಂದು ಮಾತು ಸೇರಿಸಿ. ಎರಡನೇ ಸಲದಿಂದ ಬೆಡಗು ಸಾಕು.

ಬಳಿ, ಬರಿ: ಕರಾವಳಿಯ ಲೆಕ್ಕ

ಉತ್ತರ ಕನ್ನಡದ ಹಾಲಕ್ಕಿ ಒಕ್ಕಲು, ಹಳೆಪೈಕ, ಗಾಮೊಕ್ಕಲು ಮೊದಲಾದವರಲ್ಲಿ ಇಂಥದ್ದೇ ಗುಂಪಿಗೆ ಬಳಿ ಅನ್ನುತ್ತಾರೆ. ತುಳುವಿನಲ್ಲಿ ಅದು ಬರಿ. ಪ್ರಾಣಿ, ಮರ, ಬೆಳೆ, ವಸ್ತುಗಳ ಹೆಸರು ಇಲ್ಲೂ ಇವೆ. ಥರ್ಸ್ಟನ್ ಕೊಟ್ಟ ಬಂಟರ ಬಳಿಗಳಲ್ಲಿ ಹುಲಿಯ ಹೆಸರಿನದ್ದೂ ಇದೆ, ರಾಗಿಯ ಹೆಸರಿನದ್ದೂ ಇದೆ. ಉತ್ತರ ಕನ್ನಡದ ಬಳಿಗಳ ಬಗ್ಗೆ ಬರೆದ ಹಳೆಯ ದಾಖಲೆಗಳಲ್ಲಿ, ಹೂವಿನ ಹೆಸರಿನ ಬಳಿಯ ಹೆಂಗಸರು ಆ ಹೂ ಮುಡಿಯುವುದಿಲ್ಲ ಎಂಬಂಥ ವಿವರಗಳೂ ಸಿಗುತ್ತವೆ.

ಹಾಗಾದರೆ ಬೆಡಗು, ಬಳಿ ಒಂದೇ ತಾನೇ, ಸೀಮೆಗೆ ತಕ್ಕ ಹಾಗೆ ಹೆಸರು ಬೇರೆ ಅಷ್ಟೇ ಅಲ್ವಾ? ಅಲ್ಲ. ತುಳುನಾಡಿನಲ್ಲಿ ತಾಯಿ ಕಡೆಯಿಂದ ವಂಶ ಲೆಕ್ಕ ಹಾಕುವ ಅಳಿಯಸಂತಾನದ ಸಮುದಾಯಗಳಲ್ಲಿ ಬರಿ ಬರುವುದು ತಾಯಿಯಿಂದ. ಬೆಡಗು ಬರುವುದು ತಂದೆಯಿಂದ. ಈ ಒಂದು ವ್ಯತ್ಯಾಸ ಮದುವೆಯ ಇಡೀ ನಕ್ಷೆಯನ್ನೇ ಬದಲಿಸುತ್ತದೆ. ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡೋಣ.

ಬಯಲುಸೀಮೆಯಲ್ಲಿ ಒಬ್ಬ ಹುಡುಗ, ಅವನದ್ದು ಜೀರಿಗೆ ಬೆಡಗು ಅಂತ ಇಟ್ಟುಕೊಳ್ಳಿ. ಅವನ ಅಕ್ಕನೂ ಹುಟ್ಟಿನಿಂದ ಜೀರಿಗೆ. ಅವಳನ್ನು ಆನೆ ಬೆಡಗಿನ ಮನೆಗೆ ಕೊಟ್ಟರು. ಅಕ್ಕನ ಮಗಳಿಗೆ ಬೆಡಗು ಬರುವುದು ಅವಳ ಅಪ್ಪನಿಂದ, ಅಂದರೆ ಆನೆ. ಮಾವ ಜೀರಿಗೆ, ಸೊಸೆ ಆನೆ. ಬೆಡಗು ಬೇರೆ, ಹಾಗಾಗಿ ಮದುವೆಗೆ ಅಡ್ಡಿ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಅಕ್ಕನ ಮಗಳನ್ನು ತರುವ ಪದ್ಧತಿ ಹಿಂದಿನಿಂದ ಇದೆಯಲ್ಲ, ಬೆಡಗಿನ ಲೆಕ್ಕಕ್ಕೆ ಅದು ಹೊಂದುತ್ತದೆ. ಅದೇ ಹುಡುಗನಿಗೆ ಚಿಕ್ಕಪ್ಪನ ಮಗಳು ಮಾತ್ರ ತಂಗಿ. ಇಬ್ಬರೂ ಜೀರಿಗೆ.

ಈಗ ಇದೇ ಮನೆಯನ್ನು ತುಳುನಾಡಿಗೆ ತಂದಿಡಿ. ಹುಡುಗನ ಬರಿ ಅವನ ತಾಯಿಯದ್ದು. ಅಕ್ಕನದ್ದೂ ಅದೇ. ಅಕ್ಕನ ಮಗಳ ಬರಿ ಅಕ್ಕನಿಂದ ಬಂತು, ಅಂದರೆ ಅದೂ ಅದೇ. ಮಾವ, ಸೊಸೆ ಇಬ್ಬರೂ ಒಂದೇ ಬರಿ. ಅಕ್ಕನ ಮಗಳನ್ನು ಮದುವೆಯಾಗುವ ಮಾತೇ ಇಲ್ಲ. ಬಂಟರಲ್ಲಿ, ಬಿಲ್ಲವರಲ್ಲಿ ಅದು ಸಲ್ಲದ ಸಂಬಂಧ. ಚಿಕ್ಕಮ್ಮನ ಮಗಳೂ ಒಂದೇ ಬರಿ. ಆದರೆ ಸೋದರಮಾವನ ಮಗಳಿಗೆ ಅವಳ ಅಮ್ಮನ ಬರಿ, ಹಾಗಾಗಿ ಆಗಬಹುದು. ಒಂದೇ ರಾಜ್ಯ, ಘಟ್ಟದ ಮೇಲೆ ಸರಿ ಅನ್ನುವ ಸಂಬಂಧ ಘಟ್ಟದ ಕೆಳಗೆ ತಪ್ಪು. ಎರಡೂ ಕಡೆ ನಿಯಮ ಒಂದೇ: ಒಂದೇ ಗುಂಪಿನೊಳಗೆ ಬೇಡ. ಗುಂಪು ಯಾರಿಂದ ಬರುತ್ತದೆ ಅನ್ನುವುದು ಮಾತ್ರ ಬೇರೆ.

ಇದಕ್ಕೇ ನಾನು ಹೇಳುವುದು, ಬೆಡಗನ್ನೂ ಬರಿಯನ್ನೂ ‘ಕುಲಚಿಹ್ನೆ’ ಅಂತ ಒಂದೇ ಡಬ್ಬಕ್ಕೆ ಹಾಕಬೇಡಿ ಅಂತ. ಆ ಪದ ಬರೆದ ಕೂಡಲೇ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ಕರಾವಳಿಯ ಹೆಸರುಗಳಲ್ಲಿ ಬರಿ ಎದ್ದು ಕಾಣುತ್ತದೆ. ಬಂಗೇರ, ಸಾಲಿಯಾನ್, ಕರ್ಕೇರ, ಕೋಟ್ಯಾನ್, ಅಮೀನ್, ಸುವರ್ಣ, ಪುತ್ರನ್, ಕುಂದರ್. ಬಿಲ್ಲವ, ಮೊಗವೀರ ಮೊದಲಾದವರಲ್ಲಿ ಹೆಸರಿನ ಕೊನೆಗೆ ಇವು ಇರುತ್ತವೆ. ಮುಂಬೈಯ ತುಳುವರಲ್ಲೂ ಇವೇ ಹೆಸರು. ಆದರೆ ಈಗ ಶಾಲೆ, ಪಾಸ್‌ಪೋರ್ಟ್ ಅಂತ ಬಂದ ಮೇಲೆ ಮಕ್ಕಳಿಗೆ ಅಪ್ಪನ ಉಪನಾಮ ಅಂಟಿಕೊಳ್ಳುವುದು ಜಾಸ್ತಿ ಆಗಿದೆ. ಹೆಸರಿನಲ್ಲಿ ಅಪ್ಪನ ಬರಿ, ಮದುವೆ ಮಾತಿನಲ್ಲಿ ಅಮ್ಮನ ಬರಿ. ವಂಶವೃಕ್ಷ ಬರೆಯುವವರು ಉಪನಾಮ ನೋಡಿ ಬರಿ ತೀರ್ಮಾನ ಮಾಡಬಾರದು. ತಾಯಿಯ ಬರಿ ಯಾವುದು ಅಂತ ಕೇಳಿಯೇ ಬರೆಯಬೇಕು.

ಬರವಣಿಗೆಯಲ್ಲಿ ಬಳಿ ಪದಕ್ಕೆ ಎರಡು ಅಪಾಯ. ಒಂದು, ‘ಹತ್ತಿರ’ ಅನ್ನುವ ಅರ್ಥ. ‘ಅವರ ಬಳಿ’ ಅಂದರೆ ಓದುಗ ಬೇರೇನೋ ಅಂದುಕೊಳ್ಳುತ್ತಾನೆ. ‘ಅವರದ್ದು ಇಂಥ ಬಳಿ’ ಅಂತ ತಿರುಗಿಸಿ ಬರೆಯಿರಿ. ಇನ್ನೊಂದು, ಹಳೆಯ ಇಂಗ್ಲಿಷ್ ಪುಸ್ತಕಗಳಿಂದ ಅನುವಾದ ಮಾಡುವಾಗ ಳ-ಲ ಗೊತ್ತಾಗದೆ ಬಳಿ ಹೋಗಿ ಬಲಿ ಆಗುವುದು. ‘ಹಾಲಕ್ಕಿಗಳಲ್ಲಿ ಹಲವು ಬಲಿಗಳಿವೆ’ ಅಂತ ಓದಿದವರು ಪ್ರಾಣಿಬಲಿ ಅಂತ ತಿಳಿಯುತ್ತಾರೆ. ಇದು ದೊಡ್ಡ ಅನ್ಯಾಯ.

ದೇವಕ: ವಸ್ತುವೇ ಮುಖ್ಯವಾದಾಗ

ಬೆಳಗಾವಿ ಕಡೆಯ ಮರಾಠಾ ಮನೆತನಗಳ ಮದುವೆಗೆ ಹೋದವರಿಗೆ ದೇವಕ ಗೊತ್ತಿರುತ್ತದೆ. ಮದುವೆಗೆ ಮುಂಚೆ ಮನೆಯವರು ತಮ್ಮ ದೇವಕವನ್ನು ತಂದು ಪೂಜೆ ಮಾಡಿ ಕೂರಿಸುತ್ತಾರೆ, ಚಪ್ಪರದ ಕಂಬಕ್ಕೆ ಕಟ್ಟುವ ರೂಢಿಯೂ ಇದೆ. ಕೆಲವರದ್ದು ಕದಂಬದ ಟೊಂಗೆ, ಕೆಲವರದ್ದು ಅತ್ತಿ, ಕೆಲವರದ್ದು ಐದು ಮರದ ಚಿಗುರು ಸೇರಿದ ಪಂಚಪಲ್ಲವ, ಕೆಲವರದ್ದು ನವಿಲುಗರಿ. ಒಂದೇ ದೇವಕದವರು ಮದುವೆ ಆಗುವುದಿಲ್ಲ.

ಬೆಡಗಿನಲ್ಲಿ ವಸ್ತು ಬರೀ ಹೆಸರಾಗಿಯೂ ಉಳಿಯಬಹುದು. ದೇವಕದಲ್ಲಿ ವಸ್ತು ಎದುರಿಗೆ ಬಂದು ಕೂರಲೇಬೇಕು. ಪುಸ್ತಕಗಳು ಹೇಳುವ ಟೋಟೆಮ್‌ಗೆ, ಅಂದರೆ ಗುಂಪಿನ ಪೂಜ್ಯ ವಸ್ತು ಅನ್ನುವ ಅರ್ಥಕ್ಕೆ, ನಮ್ಮ ನೆರೆಯಲ್ಲಿ ಅತಿ ಹತ್ತಿರ ಬರುವುದು ಇದೇ. ಆದರೂ ದೇವಕ ಇಟ್ಟುಕೊಳ್ಳುವ ಮರಾಠಿ ಸಮುದಾಯಗಳ ಹೊರಗೆ ಈ ಪದ ಎಳೆದು ತರಬೇಡಿ. ಕುರುಬರ ದೇವಕ ಅಂತ ಬರೆದರೆ ಅದು ಯಾರಿಗೂ ಸೇರದ ಮಾತಾಗುತ್ತದೆ.

ಗೋತ್ರ: ಎಲ್ಲಕ್ಕೂ ಅಂಟಿಸುವ ಪದ

ಗೋತ್ರ ಎಲ್ಲರಿಗೂ ಗೊತ್ತಿರುವ ಪದ. ಅದಕ್ಕೇ ಅದು ಎಲ್ಲ ಕಡೆ ನುಗ್ಗುತ್ತದೆ. ಮದುವೆಯ ಬಯೋಡೇಟಾದಲ್ಲಿ ಗೋತ್ರದ ಕಾಲಂ, ದೇವಸ್ಥಾನದ ಅರ್ಚನೆಯಲ್ಲಿ ಗೋತ್ರದ ಪ್ರಶ್ನೆ.

ಸಂಪ್ರದಾಯದ ಗೋತ್ರ ನಿಂತಿರುವುದು ಎಂಟು ಋಷಿಗಳ ಮೇಲೆ: ವಿಶ್ವಾಮಿತ್ರ, ಜಮದಗ್ನಿ, ಭರದ್ವಾಜ, ಗೌತಮ, ಅತ್ರಿ, ವಸಿಷ್ಠ, ಕಶ್ಯಪ ಮತ್ತು ಅಗಸ್ತ್ಯ. ಅದರ ಜೊತೆ ಪ್ರವರ ಇರುತ್ತದೆ, ಆ ಸಾಲಿನ ಋಷಿಗಳ ಹೆಸರು. ಒಂದೇ ಗೋತ್ರದೊಳಗೆ ಮದುವೆ ಇಲ್ಲ ಅನ್ನುವುದು ಬೆಡಗಿನ ಹಾಗೇ. ಆದರೆ ಕೇಳುವ ಪ್ರಶ್ನೆ ಬೇರೆ. ಗೋತ್ರ ‘ನೀನು ಯಾವ ಋಷಿಯ ಸಾಲಿನವನು’ ಅಂತ ಕೇಳುತ್ತದೆ. ಬೆಡಗಿನಲ್ಲಿ ಋಷಿ ಬೇಕಾಗಿಲ್ಲ.

ಕಶ್ಯಪ ಅಂದರೆ ಆಮೆ, ಕೌಶಿಕ ಅಂದರೆ ಗೂಬೆ, ಶುನಕ ಅಂದರೆ ನಾಯಿ, ಹಾಗಾಗಿ ಗೋತ್ರವೂ ಮೂಲದಲ್ಲಿ ಟೋಟೆಮ್ ಅಂತ ವಾದಿಸಿದವರು ಇದ್ದಾರೆ. ಓದಲು ಚೆನ್ನಾಗಿದೆ, ಒಪ್ಪುವುದು ಕಷ್ಟ. ಹೆಸರಿನಲ್ಲಿ ಪ್ರಾಣಿ ಇದ್ದ ಮಾತ್ರಕ್ಕೆ ಆ ಗುಂಪು ಆ ಪ್ರಾಣಿಯ ಜೊತೆ ಸಂಬಂಧ ಇಟ್ಟುಕೊಂಡಿದೆ ಅಂತ ಆಗುವುದಿಲ್ಲ. ಕಾಶ್ಯಪ ಗೋತ್ರದವರಿಗೆ ಆಮೆಯ ವಿಷಯದಲ್ಲಿ ಯಾವ ಕಟ್ಟಳೆಯೂ ಇಲ್ಲ.

ಬೆಡಗು ಇರುವವರು ಗೋತ್ರದ ಕಾಲಂನಲ್ಲಿ ಏನು ಬರೆಯಬೇಕು? ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳಿಬಿಡುವ ರೂಢಿ ಇದೆ. ಪೂಜೆಗೆ ಅದು ನಡೆಯುತ್ತದೆ. ಬಯೋಡೇಟಾದಲ್ಲಿ ಮಾತ್ರ ಹಾಗೆ ಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡೂ ಕಡೆಯವರು ಕಾಶ್ಯಪ ಅಂತ ಬರೆದರೆ ಬೇರೆ ಬೇರೆ ಬೆಡಗಿನವರು ಒಂದೇ ಗೋತ್ರದವರಾಗಿ ಕಾಣುತ್ತಾರೆ, ಒಳ್ಳೆಯ ಸಂಬಂಧ ಸುಮ್ನೆ ಕೈ ತಪ್ಪುತ್ತದೆ. ಕಾಲಂನ ಹೆಸರು ಗೋತ್ರ ಅಂತಲೇ ಇರಲಿ, ನೀವು ‘ಜೀರಿಗೆ (ಬೆಡಗು)’ ಅಂತ ಬರೆಯಿರಿ. ಓದುವವರಿಗೆ ಬೇಕಾದ್ದು ಅದೇ.

ಕಾನೂನಿನ ಮಾತು ಕೂಡ ಇಲ್ಲೇ ಹೇಳಿಬಿಡುತ್ತೇನೆ. ಸಗೋತ್ರ ಮದುವೆಗೆ ಇದ್ದ ಅಡ್ಡಿಯನ್ನು 1946ರ ಕಾಯ್ದೆಯೇ ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯ್ದೆ ನೋಡುವುದು ಸಪಿಂಡ ಸಂಬಂಧವನ್ನು, ಅಂದರೆ ಹತ್ತಿರದ ರಕ್ತಸಂಬಂಧವನ್ನು: ತಾಯಿ ಕಡೆ ಮೂರು ತಲೆಮಾರು, ತಂದೆ ಕಡೆ ಐದು. ಅಲ್ಲೂ ರೂಢಿ ಇದ್ದರೆ ವಿನಾಯಿತಿ ಉಂಟು. ಒಂದೇ ಬೆಡಗು, ಒಂದೇ ಗೋತ್ರ ಅನ್ನುವ ಕಾರಣಕ್ಕೆ ಮದುವೆ ಕಾನೂನಿನಲ್ಲಿ ಅಸಿಂಧು ಆಗುವುದಿಲ್ಲ. ಅದು ಸಮುದಾಯದ ಕಟ್ಟಳೆ, ಸರ್ಕಾರದ್ದಲ್ಲ.

ಕುಲಚಿಹ್ನೆ, ಕುಲಲಾಂಛನ

ಇವೆರಡೂ ಟೋಟೆಮ್‌ಗೆ ಅಂತಲೇ ಬಳಸಿದ ಕನ್ನಡ ಪದಗಳು. ಲಾಂಛನ ನನಗೆ ಅಷ್ಟು ಒಪ್ಪಿಗೆ ಇಲ್ಲ. ಆ ಪದ ಕೇಳಿದ ಕೂಡಲೇ ಚಾಲುಕ್ಯರ ವರಾಹ, ಮೈಸೂರಿನ ಗಂಡಭೇರುಂಡ, ತೀರ್ಥಂಕರರ ಪೀಠದ ಮೇಲಿನ ಗೂಳಿ, ಸಿಂಹ ಕಣ್ಣ ಮುಂದೆ ಬರುತ್ತವೆ. ಅವು ಅಧಿಕಾರದ ಗುರುತು ಅಥವಾ ವಿಗ್ರಹ ಗುರುತಿಸುವ ಚಿಹ್ನೆ. ಅವುಗಳಿಂದ ಯಾರಿಗೆ ಯಾರು ಬಂಧು ಅಂತ ತೀರ್ಮಾನ ಆಗುವುದಿಲ್ಲ. ಕುಲಚಿಹ್ನೆ ಸ್ವಲ್ಪ ಮೇಲು. ಆದರೆ ಅದನ್ನು ಒಂದು ಸಲ ವಿವರಣೆಗೆ ಮಾತ್ರ ಬಳಸಿ: ‘ಟೋಟೆಮ್, ಅಂದರೆ ಒಂದು ಕುಲದ ಗುರುತಾದ ಪ್ರಾಣಿ ಅಥವಾ ಗಿಡ’ ಅಂತ. ಯಾವ ಸಮುದಾಯವೂ ತನ್ನ ಮನೆಯಲ್ಲಿ ‘ನಮ್ಮ ಕುಲಚಿಹ್ನೆ’ ಅಂತ ಮಾತಾಡುವುದಿಲ್ಲ.

ಟೋಟೆಮ್ ಅಲ್ಲದ್ದನ್ನು ಟೋಟೆಮ್ ಅನ್ನುವ ಚಾಳಿ ಕೂಡ ಇದೆ. ಮನೆದೇವರು ಟೋಟೆಮ್ ಅಲ್ಲ. ಬೇರೆ ಬೇರೆ ಬೆಡಗಿನವರಿಗೆ ಒಂದೇ ಮನೆದೇವರು ಇರಬಹುದು. ಕೊಡವರ ಒಕ್ಕ ಮನೆತನ, ಅದಕ್ಕೆ ಪ್ರಾಣಿ ಗಿಡದ ಗುರುತು ಬೇಕಿಲ್ಲ. ತುಳುನಾಡಿನ ಪಂಜುರ್ಲಿ ಹಂದಿಯ ರೂಪದ ದೈವ, ಪಿಲಿಚಾಮುಂಡಿ ಹುಲಿಯ ರೂಪದ್ದು. ಹಾಗಂತ ಅವು ಟೋಟೆಮ್ ಆಗುವುದಿಲ್ಲ. ಪಂಜುರ್ಲಿಯನ್ನು ಮನೆ, ಗುತ್ತು ಎಂಬ ದೊಡ್ಡ ಮನೆತನ, ಊರು ನಂಬುತ್ತದೆ. ನಂಬುವವರ ಬರಿ ಬೇರೆ ಬೇರೆ. ದೈವದ ಜೊತೆಗಿನ ಸಂಬಂಧ ನೆಲದಿಂದ, ಹರಕೆಯಿಂದ, ನ್ಯಾಯದಿಂದ ಬಂದದ್ದು. ದೈವಕ್ಕೆ ದೈವ ಅನ್ನುವ ಪದವೇ ಇದೆ, ಅದಕ್ಕಿಂತ ಸರಿಯಾದ ಪದ ಬೇಕಿಲ್ಲ.

ಹೊರಗಿನವರ ಬಗ್ಗೆ ಬರೆಯುವಾಗ

ಜಾರ್ಖಂಡ್, ಛತ್ತೀಸ್‌ಗಢ ಕಡೆಯ ಒರಾಂವ್ ಜನರ ಕುಡುಖ್ ಭಾಷೆ ಕನ್ನಡದ ಹಾಗೆಯೇ ದ್ರಾವಿಡ ಕುಟುಂಬದ್ದು. ಅವರ ಕುಲದ ಹೆಸರುಗಳು ನಮಗೆ ಸುದ್ದಿಯಲ್ಲಿ, ಹಾಕಿ ತಂಡದ ಪಟ್ಟಿಯಲ್ಲಿ ಪರಿಚಯ: ಎಕ್ಕಾ, ಟೊಪ್ಪೊ, ಮಿಂಜ್, ಲಕಡಾ. ಎಕ್ಕಾ ಅಂದರೆ ಆಮೆ, ಟೊಪ್ಪೊ ಅಂದರೆ ಮರಕುಟಿಗ, ಮಿಂಜ್ ಒಂದು ಮೀನು. ಸಂತಾಲರಲ್ಲಿ ಇಂಥ ಕುಲಕ್ಕೆ ಪಾರಿಸ್ ಅನ್ನುತ್ತಾರೆ. ಮುರ್ಮು ಅದರಲ್ಲೊಂದು, ಅದರ ಗುರುತು ನೀಲಗಾಯಿ. ಹಂಸದಾ ಕುಲಕ್ಕೆ ಕಾಡು ಹೆಬ್ಬಾತು. ಮುಂಡರಲ್ಲಿ ಅದು ಕಿಲಿ.

ಇವರ ಬಗ್ಗೆ ಬರೆಯುವಾಗ ಪಾರಿಸ್, ಕಿಲಿ ಅಂತ ಅವರದ್ದೇ ಪದ ಇಡಿ. ‘ನಮ್ಮ ಕಡೆಯ ಬೆಡಗಿನಂಥದ್ದು’ ಅಂತ ಒಂದು ಮಾತು ಸೇರಿಸಿದರೆ ಕನ್ನಡದ ಓದುಗನಿಗೆ ತಕ್ಷಣ ಹೊಳೆಯುತ್ತದೆ. ಒಜಿಬ್ವೆಯವರ ಬಗ್ಗೆ ಬರೆದರೆ ದೂಡೆಮ್. ಆಸ್ಟ್ರೇಲಿಯಾದ ಬಗ್ಗೆಯಾದರೆ ಟೋಟೆಮ್ ಇರಲಿ, ಆದರೆ ಅದು ತಾಯಿಯಿಂದಲೋ ತಂದೆಯಿಂದಲೋ ಜಾಗದಿಂದಲೋ ಅಂತ ಹೇಳಲೇಬೇಕು. ಸಿದ್ಧಾಂತಗಳ ಚರ್ಚೆಯಲ್ಲಿ, ಫ್ರೇಜರ್, ಡರ್ಕ್‌ಹೈಮ್ ಮುಂತಾದವರ ವಾದ ಹೇಳುವಾಗ, ಟೋಟೆಮ್ ಅನ್ನದೆ ಬೇರೆ ದಾರಿ ಇಲ್ಲ. ಅವರು ಮಾತಾಡಿದ್ದೇ ಆ ಪದದ ಬಗ್ಗೆ.

ಕರ್ನಾಟಕದ ಸಮುದಾಯದ ಬಗ್ಗೆ ಬರೆಯುವ ವಿದ್ಯಾರ್ಥಿಗೆ ನನ್ನ ಸಲಹೆ ಬೇರೆ. ತಲೆಬರಹದಲ್ಲೇ ಬೆಡಗು, ಬಳಿ, ಬರಿ ಬರಲಿ. ಮನೆಗೆ ಹೋಗಿ ಕೇಳುವಾಗಲೂ ‘ನಿಮ್ಮ ಟೋಟೆಮ್ ಯಾವುದು’ ಅಂದರೆ ಅಜ್ಜಿ ಮುಖ ನೋಡುತ್ತಾಳೆ, ‘ನಿಮ್ಮ ಗೋತ್ರ’ ಅಂದರೆ ಯಾರೋ ಪೂಜೆಗೆ ಹೇಳಿಕೊಟ್ಟ ಹೆಸರು ಹೇಳುತ್ತಾಳೆ. ‘ಯಾವ ಬೆಡಗು’ ಅಂತ ಕೇಳಿ. ಆಮೇಲೆ ಇನ್ನು ನಾಲ್ಕು ಕೇಳಬೇಕು: ಅದು ಅಪ್ಪನಿಂದ ಬಂತಾ ಅಮ್ಮನಿಂದ ಬಂತಾ, ಮದುವೆಯಾದ ಹೆಣ್ಣಿಗೆ ಯಾವುದು, ಹೆಸರಿನ ವಸ್ತುವಿಗೆ ಏನಾದರೂ ಕಟ್ಟಳೆ ಇದೆಯಾ, ಯಾವ ಬೆಡಗುಗಳು ತಮಗೆ ಅಣ್ಣತಮ್ಮ ಆಗಬೇಕು. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆಸರು ಬೇರೆಯಾಗಿದ್ದರೂ ಅಣ್ಣತಮ್ಮ ಅಂತ ಕೊಡು-ತರು ಇಟ್ಟುಕೊಳ್ಳದ ಬೆಡಗುಗಳು ಇರುತ್ತವೆ. ಅದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ, ಹಿರಿಯರ ಬಾಯಲ್ಲೇ ಸಿಗಬೇಕು.